ಮೊತ್ತ ಆರು, ಗುಣಲಬ್ಧ ಹತ್ತು

"ಬೇರೆಯವರ ಪುಸ್ತಕ ಇಣುಕಿ ನೋಡೋ ಚಾಳಿ ಯಾವಾಗಿಂದ?" ವರ್ನಾ ಪಕ್ಕದ ಕುರ್ಚಿಯವನನ್ನು ಕೆಕ್ಕರಿಸಿ ನೋಡಿದಳು.

"ಇಬ್ರನ್ನೂ ಮಿಷಿನ್‌ಗೆ ಕಟ್ಟಿಹಾಕಿದಾರೆ. ಕತ್ತು ತಿರುಗಿಸೋಕಷ್ಟೇ ಸ್ವಾತಂತ್ರ್ಯ," ಎಂದ ಆರ್ವೋ. "ಈ ವರ್ಗ ಸಮೀಕರಣದಲ್ಲಿ ಮಧ್ಯದ ಸಹಗುಣಕ ಮೈನಸ್ ಏಳು ಅಂದ್ರೆ ಮೂಲಗಳ ಮೊತ್ತ ಪ್ಲಸ್ ಏಳು. ಚಿಹ್ನೆ ತಿರುಗುತ್ತೆ. ಕೊನೇದು ತಿರುಗಲ್ಲ, ಗುಣಲಬ್ಧ ಹತ್ತೇ. ಈಗ ಹೇಳಿ, ಕೂಡಿದ್ರೆ ಏಳು, ಗುಣಿಸಿದ್ರೆ ಹತ್ತು?"

"ಎರಡು, ಐದು," ಎಂದಳು, ಮುಖ ಊದಿಸಿಕೊಂಡೇ.

ಥಂಡರ್ ಬೇ ಊರಿನ ಡಯಾಲಿಸಿಸ್ ವಾರ್ಡು ಅದು. ಪ್ರೀತಿ ಹುಟ್ಟಲು ಇದಕ್ಕಿಂತ ಕೆಟ್ಟ ಜಾಗ ಸಿಗಲಿಕ್ಕಿಲ್ಲ. ಶಾಲಾ ಬಸ್ಸು ಓಡಿಸುತ್ತಿದ್ದ ವರ್ನಾ, ಕಿಡ್ನಿ ಕೈಕೊಟ್ಟ ಮೇಲೆ, ಎಂದೋ ಬಿಟ್ಟ ಹೈಸ್ಕೂಲು ಮುಗಿಸಿ ಕೂತು ಮಾಡುವ ಕೆಲಸ ಹಿಡಿಯುವ ಹಟ ತೊಟ್ಟಿದ್ದಳು. ಆರ್ವೋ ನಿವೃತ್ತ ಗಣಿತದ ಮೇಷ್ಟ್ರು, ಹೆಂಡತಿ ತೀರಿಹೋಗಿ ಒಂಟಿಯಾದವನು.

ಚಳಿಗಾಲವೆಲ್ಲ ಅವಳು ಅದೇ ಚಿಹ್ನೆ ತಪ್ಪಿದಳು. ಅವನು ತನ್ನ ಕುರ್ಚಿಯಿಂದಲೇ ಬಾಗಿ, ಕನ್ನಡಕ ಏರಿಸಿ, ಪೆನ್ಸಿಲಿನಿಂದ ತಿದ್ದುತ್ತಿದ್ದ.

"ಬೇಕಂತ್ಲೇ ತಪ್ಪು ಮಾಡ್ತೀರಲ್ವಾ?" ಎಂದ ಒಂದು ದಿನ.

"ಯಾವಾಗ ಗೊತ್ತಾಯ್ತು?"

"ಕ್ರಿಸ್‌ಮಸ್‌ಗೂ ಮುಂಚೆ."

"ಮತ್ಯಾಕೆ ಸುಮ್ನಿದ್ರಿ ಮೇಷ್ಟ್ರೇ?"

"ನೀವು ಸರಿ ಬರೆದ್ಬಿಟ್ರೆ ನನಗೇನು ಕೆಲಸ?"

ಅವಳು ಕತ್ತಿನವರೆಗೂ ಕೆಂಪಾಗಿ, ಕಂಬಳಿ ಎಳೆದುಕೊಂಡಳು.

ಆದರೆ ಕಿಡ್ನಿಯ ಜೊತೆಗೆ ಅವನ ಹೃದಯವೂ ದಿನದಿಂದ ದಿನಕ್ಕೆ ದುರ್ಬಲವಾಗುತ್ತಿತ್ತು. ಮಿಷಿನ್ನಿಗೆ ಕೂತಾಗಲೆಲ್ಲ ಕಾಲು ಸೆಟೆದುಕೊಳ್ಳುತ್ತಿತ್ತು, ವಾಂತಿಯಾಗುತ್ತಿತ್ತು. ಅವನು ಹಲ್ಲು ಕಚ್ಚಿ ಸಹಿಸುತ್ತಿದ್ದ.

ಮಾರ್ಚ್‌ನ ಒಂದು ಶುಕ್ರವಾರ ಅವಳೇ ಒಂದು ಲೆಕ್ಕ ಕಟ್ಟಿ ಕೇಳಿದಳು: "ಮೊತ್ತ ಆರು, ಗುಣಲಬ್ಧ ಹತ್ತು. ಯಾವ ಎರಡು ಸಂಖ್ಯೆ?"

"ನಾವು ದಿನಾ ಎಣಿಸೋ ಸಂಖ್ಯೆಗಳಲ್ಲಿ ಇಲ್ಲ ವರ್ನಾ. ಇರೋದೇ ಆರು. ಮೂರು ಮೂರು ಸಮ ಹಂಚಿದ್ರೂ ಗುಣಲಬ್ಧ ಒಂಬತ್ತು. ಅದಕ್ಕಿಂತ ಹೆಚ್ಚು ಕೇಳಿದ್ರೆ ಎಲ್ಲಿಂದ ತರೋದು?" ಎಂದು ಅವನು ಪೆನ್ಸಿಲ್ ಕೆಳಗಿಟ್ಟ. "ಡಾಕ್ಟರಿಗೂ ಹೇಳಿದೀನಿ. ಈ ಮಿಷಿನ್ ಸಾಕು ನನಗೆ. ಇವತ್ತೇ ಕೊನೆ."

ಮಿಷಿನ್ ಬಿಟ್ಟವರು ಬಹಳ ದಿನ ಉಳಿಯುವುದಿಲ್ಲ. ಆ ವಾರ್ಡಿನಲ್ಲಿ ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?" ಅವಳು ಪುಸ್ತಕ ಮುಚ್ಚಿದಳು.

"ಈಗ ಕೇಳ್ತಿದೀನಲ್ಲ. ನೀವಂದ್ರೆ ನನಗೆ ಪ್ರೀತಿ. ಸುತ್ತಿ ಬಳಸಿ ಹೇಳೋಕೆ ಟೈಮಿಲ್ಲ. ನೀವು 'ಬನ್ನಿ' ಅನ್ನಿ, ಸೋಮವಾರ ಬರ್ತೀನಿ. ನಿಮ್ಮ ಪಕ್ಕ ಕೂರೋಕೆ ಎಷ್ಟು ನೋವಾದ್ರೂ ತಡ್ಕೋತೀನಿ."

ಅವನು ಖಂಡಿತ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಬನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನ ಕಾಲು ಮತ್ತೆ ಸೆಟೆಯಿತು. ಮುಖ ಬಿಳಿಚಿಕೊಂಡಿತು. ಆದರೂ ಅವಳಿಗಾಗಿ ನಗಲು ನೋಡುತ್ತಿದ್ದ.

ಸೂಜಿಯಿಲ್ಲದ ಕೈಯನ್ನು ಚಾಚಿ ಅವಳು ಅವನ ಬೆರಳು ಹಿಡಿದಳು.

"ನನಗೂ ನೀವಂದ್ರೆ ಪ್ರಾಣ," ಎಂದಳು. "ಬರ್ಬೇಡಿ ಮೇಷ್ಟ್ರೇ. ನಾಳೆ ನಾನೇ ನಿಮ್ಮನೆಗೆ ಬರ್ತೀನಿ."