ಅವನ ಊರಿನ ಚಟ್ನಿ

"ಆ ಒದ್ದೆ ಚಮಚ ಜಾಡಿಗೆ ಇಳಿದ್ರೆ ಕೈ ಮುರೀತೀನಿ!"

ಅವಳ ಗದರಿಕೆಗೆ ಅವನು ಬೆಚ್ಚಿಬಿದ್ದ. ದೂರದ ನಾಡಿನಿಂದ ಬಂದು ಎದುರಿನ ಬೇಕರಿಗೆ ಹೊಸದಾಗಿ ಸೇರಿದ್ದ ಬ್ರೆಡ್ ಮಾಡುವವನು ಆತ. ಖಾರದ ಬನ್ನಿನೊಳಗೆ ಇಡಲು ಉಪ್ಪಿನಕಾಯಿ ಬೇಕೆಂದು ಬಂದಿದ್ದ. ರುಚಿ ನೋಡಿ ಆರಿಸಿಕೊಳ್ಳಲಿ ಎಂದು ಅವಳ ಅಣ್ಣನೇ ತಮ್ಮ ಉಪ್ಪಿನಕಾಯಿ ಅಂಗಡಿಯ ಹಿಂದಿನ ಕೋಣೆಗೆ ಕಳುಹಿಸಿದ್ದ.

"ಒಂದು ಹನಿ ನೀರು ಬಿದ್ರೆ ಸಾಕು, ವರ್ಷದ ಉಪ್ಪಿನಕಾಯಿಗೆ ಬೂಷ್ಟು ಬರುತ್ತೆ. ಅಷ್ಟೂ ಗೊತ್ತಿಲ್ವಾ?"

"ನಮ್ಮೂರಲ್ಲಿ ಉಪ್ಪಿನಕಾಯಿ ನೀರಲ್ಲೇ ಮುಳುಗಿರುತ್ತೆ ಕಣ್ರೀ," ಅಂದ ಅವನು ಮೆಲ್ಲಗೆ. "ಉಪ್ಪುನೀರು, ಸೌತೆಕಾಯಿ. ಅಷ್ಟೇ. ಮೂರು ದಿನಕ್ಕೆ ತಯಾರು, ವಾರಕ್ಕೆ ಖಾಲಿ."

"ಎಣ್ಣೆ ಇಲ್ಲ, ಖಾರ ಇಲ್ಲ, ಅದಕ್ಕೆ ಉಪ್ಪಿನಕಾಯಿ ಅಂತಾರಾ? ಪಾಪ, ಸೌತೆಕಾಯಿ!"

ಅವನು ನಕ್ಕ. ಅವಳಿಗೂ ನಗು ಬಂತು... ನಕ್ಕು ಎಷ್ಟು ದಿನವಾಗಿತ್ತು!

ಅಪ್ಪ ತೀರಿಕೊಂಡ ಮೇಲೆ, ಒಂಬತ್ತು ವರ್ಷದಿಂದ ಈ ಕೋಣೆಯೇ ಅವಳ ಲೋಕ. ಹದಿನಾಲ್ಕು ಜಾಡಿ, ಎತ್ತರದಲ್ಲೊಂದು ಸರಳಿನ ಕಿಟಕಿ. ಮೆಂತ್ಯ ಹುರಿಯುವುದು, ಸಾಸಿವೆ ಪುಡಿ ಮಾಡುವುದು, ಎಣ್ಣೆ ಕಾಯಿಸಿ ಆರಿಸುವುದು... ಸಂಜೆ ಜಾಡಿಯ ಬಾಯಿಗೆ ಬಟ್ಟೆ ಕಟ್ಟುವಾಗ ತನಗೇ ಉಸಿರು ಕಟ್ಟಿದಂತಾಗುತ್ತಿತ್ತು.

ವಯಸ್ಸು ಮೂವತ್ತಮೂರು. ಬಂದ ಸಂಬಂಧಗಳಲ್ಲೆಲ್ಲ ಅಣ್ಣ ಒಂದೊಂದು ಕೊಂಕು ತೆಗೆದಿದ್ದ.

"ನಿನ್ನ ಕೈಗುಣ ಇನ್ಯಾರಿಗಿದೆ ಪುಟ್ಟಿ? ನೀನು ಹೋದ್ರೆ ಅಂಗಡಿ ಬಾಗಿಲು ಹಾಕ್ಬೇಕಷ್ಟೆ," ಎಂದು ಅಕ್ಕರೆಯಿಂದಲೇ ಹೇಳುತ್ತಿದ್ದ.

ಬೈದಿದ್ದರೆ ಜಗಳವಾಡಬಹುದಿತ್ತು. ಅಕ್ಕರೆಯ ಜೊತೆ ಹೇಗೆ ಜಗಳವಾಡುವುದು?

ಬೇಕರಿಯವನು ವಾರಕ್ಕೊಮ್ಮೆ ಬರತೊಡಗಿದ, ಬಂದಾಗೆಲ್ಲ ಬೇರೆ ಬೇರೆ ನಾಡಿನ ಉಪ್ಪಿನಕಾಯಿಯ ಕಥೆ ಹೇಳುತ್ತಿದ್ದ. ಒಂದು ಕಡೆ ಎಲೆಕೋಸನ್ನು ಮಡಕೆಯಲ್ಲಿ ತುಂಬಿ ನೆಲದಲ್ಲಿ ಹೂಳುತ್ತಾರಂತೆ. ಇನ್ನೊಂದು ಕಡೆ ಇಡೀ ನಿಂಬೆಗೆ ಬರೀ ಉಪ್ಪು ತುಂಬಿ, ತಿಂಗಳಾದ ಮೇಲೆ ಸಿಪ್ಪೆ ಮಾತ್ರ ತಿನ್ನುತ್ತಾರಂತೆ. ಅವನ ಮಾತಿನಲ್ಲಿ ಅವಳು ಊರೂರು ತಿರುಗಿದಳು. ಕಾಲು ಮಾತ್ರ ಅದೇ ನೆಲದ ಮೇಲೆ.

ಐದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅವನು ತಡವರಿಸುತ್ತಾ ಹೇಳಿದ, "ಒಂದು ಮಾತು... ನಮ್ಮಿಬ್ಬರ ಸಂಬಂಧ ಉಪ್ಪಿನಕಾಯಿ ಥರ ಆಗೋದು ಬೇಡ. ಚಟ್ನಿ ಥರ ಇರಲಿ ಅಂತ ನನ್ನಾಸೆ."

ಅವಳ ಮುಖ ಬಿಳಿಚಿತು. ಚಟ್ನಿ! ಬೆಳಿಗ್ಗೆ ರುಬ್ಬಿದರೆ ಸಂಜೆಗೆ ಹಳಸುವ ಚಟ್ನಿ!

'ಒಂದು ದಿನದ ರುಚಿ... ಇಷ್ಟೇನಾ ನಾನು ಇವನಿಗೆ?'

"ಹೋಗಿ ಇಲ್ಲಿಂದ. ಇನ್ಮೇಲೆ ಬರ್ಬೇಡಿ."

"ಯಾಕೆ? ನಾನೇನು..."

"ಹೋಗಿ ಅಂದೆ!"

ಅಣ್ಣನಿಗೆ ಕೇಳಿಸಿತು. ಅವನ ಮುಖದಲ್ಲಿ ನೆಮ್ಮದಿ ಕಂಡಿತು. ಆಮೇಲೆ ಬೇಕರಿಯವನು ಮೂರು ಸಲ ಬಂದರೂ ಅಣ್ಣ ಅಂಗಡಿಯ ಮುಂದಿನಿಂದಲೇ ಸಾಗಹಾಕಿದ. ತಿಂಗಳೊಂದು ಕಳೆಯಿತು. ಕೋಣೆಯ ಗೋಡೆಗಳು ದಿನಕ್ಕೊಂದು ಗೇಣು ಹತ್ತಿರ ಬಂದಂತೆ ಅವಳಿಗೆ ಅನ್ನಿಸುತ್ತಿತ್ತು.

ಆಗೊಂದು ದಿನ ಅತ್ತಿಗೆ ಒಳಗೆ ಬಂದು ಮೆಲ್ಲಗೆ ಬಾಗಿಲು ಮುಚ್ಚಿದಳು. ಚೀಲದಿಂದ ಒಂದು ಬಾಟಲಿ ತೆಗೆದಳು. ಒಳಗೆ ಜೇನಿನ ಬಣ್ಣದ್ದೇನೋ ಗಟ್ಟಿಯಾಗಿತ್ತು.

"ಬೇಕರಿಯವನು ಕೊಟ್ಟ. ಅವರಮ್ಮ ಮಾಡಿದ್ದಂತೆ. ಅವರು ತೀರ್ಕೊಂಡು ಹನ್ನೊಂದು ವರ್ಷ ಆಯ್ತಂತೆ. ಉಳಿದಿದ್ದು ಇದೊಂದೇ ಬಾಟಲಿ."

"ಏನಿದು ಅತ್ತಿಗೆ?"

"ಚಟ್ನಿ."

"ಹನ್ನೊಂದು ವರ್ಷದ ಚಟ್ನಿನಾ?"

"ಹಣ್ಣಿಗೆ ಸಕ್ಕರೆ, ವಿನಿಗರ್ ಹಾಕಿ ಕುದಿಸಿ, ಗಾಳಿಯಾಡದ ಹಾಗೆ ಮುಚ್ಚಿಡ್ತಾರಂತೆ. ಇಟ್ಟಷ್ಟೂ ರುಚಿಯಂತೆ. ನೀನ್ಯಾಕೆ ಓಡಿಸಿದೆ ಅಂತ ಪಾಪ, ಅವನಿಗೆ ಇವತ್ತಿಗೂ ಗೊತ್ತಿಲ್ಲ."

ಅವಳು ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ಅವನ ಊರಲ್ಲಿ ವಾರಕ್ಕೆ ಮುಗಿಯುವುದು ಉಪ್ಪಿನಕಾಯಿ. ಉಳಿಯುವುದು ಚಟ್ನಿ! ಕಣ್ಣೀರು ಧಾರೆಯಾಗಿ ಇಳಿಯಿತು.

"ಆದ್ರೆ ಅಂಗಡಿ... ಅಣ್ಣ..."

ಅತ್ತಿಗೆ ಅವಳ ಕೆನ್ನೆ ಒರೆಸಿದಳು. "ನಾನು ಕಲೀತೀನಿ. ಒಂದೆರಡು ಜಾಡಿ ಹಾಳಾದ್ರೆ ಆಗ್ಲಿ. ನೀನು ಹಾಳಾಗೋದು ಬೇಡ."

ಅಂಗಡಿಯ ಬಾಗಿಲಲ್ಲಿ ಅಣ್ಣ ತಡೆದ. "ಎಲ್ಲಿಗೆ?"

"ಬೇಕರಿಗೆ."

"ಪುಟ್ಟಿ, ಆ ಕೈ ನಂಬ್ಕೊಂಡೇ ಈ ಮನೆ..."

"ಕೈ ನಂದು ಅಣ್ಣ."

ಅಣ್ಣ ಅವಳ ಕೈ ನೋಡಿದ. ಉಪ್ಪಿಗೆ ಬಿರಿದ ಬೆರಳು, ಅರಿಶಿನ ಕಚ್ಚಿದ ಉಗುರು. ದಾರಿ ಬಿಡಲೂ ಇಲ್ಲ, ಅಡ್ಡ ನಿಲ್ಲಲೂ ಇಲ್ಲ. ಅವಳು ಪಕ್ಕದಿಂದ ನುಸುಳಿ ಬೀದಿಗೆ ಇಳಿದಳು. ಮಟಮಟ ಮಧ್ಯಾಹ್ನದ ಬಿಸಿಲು ಮೈಮೇಲೆ ಸುರಿಯಿತು.

ಬೇಕರಿಯಲ್ಲಿ ಅವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ನೀವು?"

"ಅಮ್ಮನ ಕೊನೇ ಬಾಟಲಿ ಯಾಕೆ ಕೊಟ್ರಿ?"

"ಬಾಯಲ್ಲಿ ಹೇಳಿದ್ದು ನಿಮಗೆ ಸೇರಲಿಲ್ಲ. ಇಷ್ಟು ವರ್ಷ ಉಳಿದಿರೋದು ನನ್ನ ಹತ್ರ ಅದೊಂದೇ."

"ನಮ್ಮನೇಲಿ ಚಟ್ನಿ ಒಂದೇ ದಿನಕ್ಕೆ ರೀ... ಉಳಿದ್ರೆ ಚೆಲ್ತೀವಿ."

ಅವನು ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡ. "ಅಯ್ಯೋ! ಜೀವನಪೂರ್ತಿ ಅನ್ನೋಕೆ ಹೋಗಿ ಒಂದೇ ದಿನ ಅಂದುಬಿಟ್ನಾ?"

ಅವಳು ಅಳುತ್ತಲೇ ನಕ್ಕಳು. ಅವನ ಹಣೆಗೆ ಅಂಟಿದ ಹಿಟ್ಟನ್ನು ಬೆರಳಿಂದ ಒರೆಸಿದಳು.

"ನನಗೆ ಹೆದರಿಕೆ ಆಗ್ತಿದೆ," ಅಂದಳು.

"ನನಗೂ. ನಾಳೆ ನಿಮ್ಮಣ್ಣನ ಹತ್ರ ಬಂದು ಕೇಳ್ತೀನಿ. ಬೈದ್ರೆ?"

"ಬೈಸ್ಕೊಳ್ಳಿ," ಅಂದಳು ಅವಳು. "ನಾನು ಪಕ್ಕದಲ್ಲೇ ನಿಂತಿರ್ತೀನಿ."