ಆರಿದ ತುತ್ತು

ಅಮ್ಮ ತೀರಿಕೊಂಡ ಮೇಲೆ ಮೊದಲ ಸಲ ಒಬ್ಬನೇ ಹೊರಗೆ ಊಟಕ್ಕೆ ಹೋಗಿದ್ದೆ. ನಡುಮಧ್ಯಾಹ್ನ, ಪುಟ್ಟ ಜಪಾನಿ ಹೋಟೆಲು. ಕೌಂಟರಿನಲ್ಲಿ ನನ್ನ ಎಡಗಡೆಯ ಸ್ಟೂಲು ಖಾಲಿಯಿತ್ತು. ಅಡುಗೆಯವನು ಗ್ಯೋಝಾ ಎಂಬ ಕಡುಬುಗಳನ್ನು ಬಾಣಲೆಯಿಂದ ತಟ್ಟೆಗೆ ಜಾರಿಸಿ, "ಹುಷಾರು ಸಾರ್, ಒಳಗೆ ರಸ ಕುದೀತಿರುತ್ತೆ" ಎಂದ.

ನೆಟ್ಟಗೆ ಏಳುತ್ತಿದ್ದ ಹಬೆ ಇದ್ದಕ್ಕಿದ್ದಂತೆ ಬಲಕ್ಕೆ ಬಾಗಿತು. ಎಡಗಿವಿಯ ಹತ್ತಿರ ಯಾರೋ ಮೆಲ್ಲಗೆ 'ಉಫ್' ಎಂದು ಊದಿದಂತಾಯಿತು. ಫ್ಯಾನು ತಿರುಗುತ್ತಿರಲಿಲ್ಲ, ಬಾಗಿಲೂ ಮುಚ್ಚಿತ್ತು. ಹಬೆ ನೆಟ್ಟಗಾಯಿತು, ಮತ್ತೆ ಬಾಗಿತು. ಚಿಕ್ಕಂದಿನಲ್ಲಿ ಅಮ್ಮ ನನ್ನ ತುತ್ತುಗಳನ್ನು ಹೀಗೇ ಆರಿಸುತ್ತಿದ್ದಳು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ನೋಡಿದರೆ ಎಲ್ಲಿ ನಿಂತುಬಿಡುತ್ತದೋ ಎಂಬ ಭಯ ಬೇರೆ. ಒಂದನ್ನು ಬಾಯಿಗಿಟ್ಟುಕೊಂಡೆ. ಹದವಾಗಿ ಬೆಚ್ಚಗಿತ್ತು, ಅಷ್ಟೇ.

"ಆರಿಹೋಗಿದೆಯಲ್ಲಪ್ಪ" ಎಂದೆ.

"ಈಗ ತಾನೇ ತೆಗೆದಿದ್ದು ಸಾರ್!" ಎಂದು ಅವನು ಅದೇ ಬಾಣಲೆಯಲ್ಲಿ ಉಳಿದಿದ್ದ ಒಂದನ್ನು ಕಚ್ಚಿ ನೋಡಿದ.

ಅವನ ನಾಲಿಗೆ ಸುಟ್ಟುಹೋಯಿತು.