ಹಿಂದೆ ಬರುವವನಿಗೆ ಚಳಿ

"ನಿಲ್ಲಿಸು! ನಮ್ಮಪ್ಪ ಇನ್ನೂ ಉಸಿರಾಡ್ತಿದ್ದಾರೆ!"

ಸವ್ಸನ್ ಶೋನಜರನ ಕೈಯಿಂದ ರಬಾಬ್ ತಂತಿವಾದ್ಯವನ್ನು ಕಿತ್ತುಕೊಂಡಳು. ಹಾಸಿಗೆ ಹಿಡಿದು ನಿದ್ದೆಗೆ ಜಾರಿದ್ದ ಉಸ್ತಾದ್ ದವ್ಲತರ ತಲೆದೆಸೆಯಲ್ಲಿ ಅವನು ಹಾಡುತ್ತಿದ್ದದ್ದು ಸಾವಿನ ಮನೆಯ ಹಾಡು! ಬದುಕಿದ್ದವರ ಮುಂದೆ ಅದನ್ನು ಹಾಡುವುದು ಸಾವನ್ನು ಕೈಬೀಸಿ ಕರೆದಂತೆ. ಪಾಮಿರ್ ಬೆಟ್ಟನಾಡಿನ ಎಳೆಮಕ್ಕಳಿಗೂ ಗೊತ್ತಿರುವ ಮಾತಿದು.

"ಸವ್ಸನ್, ನಾನು..."

"ಹೊರಗೆ ನಡಿ! ಇನ್ನು ಈ ಹೊಸಿಲು ತುಳೀಬೇಡ!"

ಅವನು ತಲೆ ತಗ್ಗಿಸಿ ಹೋದ. ಏಳು ಚಳಿಗಾಲ ಅಪ್ಪನ ಬಳಿ ಹಾಡು ಕಲಿಯಲು ಬಂದವನು, ಅವಳು ಕೊಟ್ಟ ಉಪ್ಪಿನ ಚಹಾದ ಬಟ್ಟಲನ್ನು ಬೇಕೆಂದೇ ನಿಧಾನವಾಗಿ ಖಾಲಿ ಮಾಡುತ್ತಿದ್ದವನು...

ಆಮೇಲೆ ಉಸ್ತಾದರು ದಿನಾ ಕೇಳುತ್ತಿದ್ದರು.

"ಶೋನಜರ್ ಬಂದನಾ ಮಗಳೇ?"

"ಇಲ್ಲಪ್ಪಾ. ಅವನಿಗೆ ಬಿಡುವಿಲ್ಲವಂತೆ."

ಹತ್ತೊಂಬತ್ತನೆಯ ದಿನ ಬೆಳಗ್ಗೆ ಅವರು ಕೇಳಲಿಲ್ಲ. ಬಾಗಿಲ ಕಡೆ ನೋಡುತ್ತಾ ಬಾಗಿಲು, ಚಳಿ ಎಂದೇನೋ ಗೊಣಗಿದರು. ಅಪ್ಪನಿಗೆ ಬುದ್ಧಿ ಭ್ರಮಿಸಿದೆ ಎಂದುಕೊಂಡ ಸವ್ಸನ್ ಬಾಗಿಲನ್ನು ಇನ್ನೂ ಬಿಗಿಯಾಗಿ ಎಳೆದಳು. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತ್ತು.

ಪಕ್ಕದ ಹಳ್ಳಿಯಿಂದ ಓಡಿಬಂದ ಲೋಲಾ ಅತ್ತೆ ಸುತ್ತಲೂ ನೋಡಿದಳು.

"ಶೋನಜರ್ ಎಲ್ಲೇ? ಹಾಡೋರಿಲ್ದೆ ನಮ್ಮಣ್ಣನ್ನ ಕಳಿಸ್ತೀಯಾ?"

"ಅವನ ಹೆಸರೆತ್ತಬೇಡ ಅತ್ತೆ! ಬದುಕಿರೋವಾಗ್ಲೇ ಹಾಡಿ ಕೊಂದ!"

"ಅಯ್ಯೋ ಹುಚ್ಚೀ... ಹಾಡಿಸಿದ್ದೇ ನಿಮ್ಮಪ್ಪ ಕಣೇ! ತಾನೇ ಕಟ್ಟಿದ ಹಾಡು. 'ಸತ್ತ ಮೇಲೆ ತಪ್ಪು ಹಾಡಿದ್ರೆ ಎದ್ದು ಬಂದು ತಿದ್ತೀನಾ? ಈಗ್ಲೇ ಒಪ್ಪಿಸು' ಅಂದಿದ್ದ. ನಿನ್ನ ಕಿವಿಗೆ ಬೀಳಬಾರ್ದು ಅಂತ ನನ್ ಹತ್ರಾನೂ ಅವನ ಹತ್ರಾನೂ ಆಣೆ ಬೇರೆ ಮಾಡಿಸ್ಕೊಂಡಿದ್ದ!"

ಸವ್ಸನ್ ರಬಾಬನ್ನು ಎದೆಗವಚಿಕೊಂಡು ನದಿಯಾಚೆಗಿನ ಶೋನಜರನ ಮನೆಗೆ ಓಡಿದಳು. ಹೆಣವಿರುವ ಮನೆಯ ಮಗಳು ಹೊರಗೆ ಕಾಲಿಡಬಾರದೆಂದು ಹಿಂದಿನಿಂದ ಯಾರೋ ಕೂಗಿದರು.

ಶೋನಜರ್ ಬಾಗಿಲಲ್ಲೇ ನಿಂತಿದ್ದ. ಅವಳ ಮುಖ ನೋಡಿದೊಡನೆ ಉಸ್ತಾದರು ಹೋದರೆಂದು ಅವನಿಗೆ ಅರ್ಥವಾಯಿತು.

"ನನ್ನನ್ನ... ಕೇಳಿದ್ರಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ದಿನಾ ಕೇಳ್ತಿದ್ರು. ನಿನಗೆ ಬಿಡುವಿಲ್ಲ ಅಂದೆ. ನೀನು ಮರೆತೆ ಅಂದ್ಕೊಂಡೇ ಹೋದ್ರು, ಶೋನಜರ್!"

ಅವನು ಅವಳ ಕೈಯಿಂದ ರಬಾಬ್ ತೆಗೆದುಕೊಂಡು ಮುಂದೆ ನಡೆದ. ಅದಕ್ಕಿಂತ ಅವನು ಹೊಡೆದಿದ್ದರೇ ಚೆನ್ನಾಗಿತ್ತು...

ಮನೆಯ ಐದು ಕಂಬಗಳ ನಡುವೆ, ಹೆಣದ ಪಕ್ಕ ಕೂತು ಹಾಡಿದ.

"ಐದು ಕಂಬದ ಮನೆಗೆ ಬಂದ ಅತಿಥಿ ನಾನು,
ಯಜಮಾನ ಯಾರೆಂದು ಕೇಳದೆ ಉಂಡೆ, ಮಲಗಿದೆ.
ಈಗ ಎದ್ದು ಹೊರಟಿರುವೆ, ನೆಂಟರೇ..."

ಅಲ್ಲಿಗೆ ದನಿ ನಿಂತಿತು.

"ಕೊನೇ ಸಾಲು ನಂಗೆ ಗೊತ್ತಿಲ್ಲ," ಎಂದ ಅವನು, ಕಣ್ಣೊರೆಸಿಕೊಂಡು. "ಇನ್ನೂ ಸಿಕ್ಕಿಲ್ಲ, ಸಿಕ್ಕಿದ ದಿನ ಹೇಳ್ತೀನಿ ಅಂದಿದ್ರು."

ಸವ್ಸನ್ ತಟ್ಟನೆ ತಲೆಯೆತ್ತಿದಳು. ಬೆಳಗಿನ ಆ ಗೊಣಗಾಟ!

"ಬಾಗಿಲು ಹಾಕಬೇಡಿ..." ಅವಳು ಅಪ್ಪನ ಮುಖ ನೋಡಿದಳು. "ಬಾಗಿಲು ಹಾಕಬೇಡಿ, ಹಿಂದೆ ಬರುವವನಿಗೆ ಚಳಿ."

ಶೋನಜರ್ ಅದನ್ನು ಹಾಡಿದ. ಮೂರು ಸಲ ಹಾಡಿದ. ಮನೆಯೆಲ್ಲ ಗೋಳೋ ಎಂದು ಅತ್ತಿತು.

ಮಣ್ಣು ಮಾಡಿ ಬಂದವರೆಲ್ಲ ಒಳಗೆ ಹೋದರು. ಹಾಡಲು ಒಳಬಂದಿದ್ದ ಶೋನಜರ್ ಮಾತ್ರ ಈಗ ಹೊಸಿಲಾಚೆಗೇ ನಿಂತ. ಸವ್ಸನ್ ಬಾಗಿಲನ್ನು ಪೂರಾ ತೆರೆದು ಹಿಡಿದಳು.

"ನನ್ನ ಕ್ಷಮಿಸ್ತೀಯಾ?"

"ಇವತ್ತು ಆಗಲ್ಲ ಸವ್ಸನ್."

"ನಾಳೆ?"

"ಗೊತ್ತಿಲ್ಲ... ಆದ್ರೆ ನಿನ್ನ ಬಿಟ್ಟು ಇರೋಕೂ ಆಗಲ್ಲ."

ಅವಳು ಅಳುತ್ತಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಹಾಗಾದ್ರೆ ಒಳಗೆ ಬಾ. ಚಳಿ ಇದೆ."